ಬೆನ್ನು ತಿರುಗಿದ ಏಳನೇ ಟೋಕನ್

ಹತ್ತು ಟೋಕನ್‌ಗಳಲ್ಲಿ ಒಂದಕ್ಕೆ ಮಾತ್ರ ಮುಖವಿರಲಿಲ್ಲ.

ಫೋನನ್ನು ಕಾಂತರಾಜಣ್ಣನ ಕಾಫಿ ಲೋಟದ ಪಕ್ಕದಲ್ಲಿಟ್ಟೆ. ಫೋಟೋವನ್ನು ದೊಡ್ಡದು ಮಾಡಿಯೇ ಇಟ್ಟಿದ್ದೆ. ಮುಂದೆ ಕೋಲಾರದ ಆದಿಲಕ್ಷ್ಮಿ ಟೀಚರ್ ಅವರ ಅರ್ಧ ಕೆನ್ನೆ, ಬಟ್ಟೆಯ ಟೋಪಿ, ಸೆಲ್ಫಿಗೆಂದು ಹಿಗ್ಗಿಸಿದ ನಗು. ಅವರ ಭುಜದ ಹಿಂದೆ ಮರಳು. ಮರಳಿನಲ್ಲಿ ನೆಟ್ಟ ಕಂಬ. ಕಂಬಕ್ಕೆ ಕಟ್ಟಿದ ಹಲಗೆ. ಹಲಗೆಯ ಮೇಲೆ ಹತ್ತು ಮೊಳೆ, ಹತ್ತು ಹಿತ್ತಾಳೆ ಟೋಕನ್.

ಐದು. ಆರು. ಆಮೇಲೆ ಬರೀ ನುಣ್ಣನೆಯ ಹಿತ್ತಾಳೆ. ಆಮೇಲೆ ಎಂಟು.

"ನೋಡು," ಎಂದೆ.

"ನೋಡ್ದೆ."

"ಏನು ಕಾಣ್ತದೆ?"

"ಟೀಚರಮ್ಮ ಕಾಣ್ತಾರೆ. ಪರ್ವಾಗಿಲ್ಲ, ಚೆನ್ನಾಗೇ ಬಂದವ್ರೆ." ಲೋಟವನ್ನು ನನ್ನ ಕಡೆ ತಳ್ಳಿದ. "ಕಾಫಿ ಕುಡಿ ತಂಗಚ್ಚಿ, ಆರೋಯ್ತದೆ. ಕೆಲ್ಸ ಬಿಟ್ರೂ ಪೊಲೀಸ್ ಬುದ್ಧಿ ಬಿಡ್ಲಿಲ್ಲ ನಿಂಗೆ."

"ಏಳನೇ ಟೋಕನ್ ನೋಡಣ್ಣ."

ಅವನು ನೋಡಲಿಲ್ಲ. ನೋಡದೆ ಇರುವುದಕ್ಕೂ ಒಂದು ರೀತಿ ಇದೆ. ಗೊತ್ತಿಲ್ಲದವನು ಫೋನನ್ನು ಕಣ್ಣಿನ ಹತ್ತಿರ ತರುತ್ತಾನೆ. ಗೊತ್ತಿರುವವನು ಕಿಟಕಿಯ ಕಡೆ ತಿರುಗುತ್ತಾನೆ. ಕಿಟಕಿಯಾಚೆ ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬದ ಮೇಲೆ ಹನ್ನೊಂದು ಗಂಟೆಯ ಬಿಸಿಲು ಬೆಳ್ಳಗೆ ಬಿದ್ದಿತ್ತು. ನಂದಿದುರ್ಗ ಗಣಿಯ ಕೆಲಸಗಾರರ ಲೈನ್ ಮನೆಗಳ ನಡುವಿನ ಕೊಳಾಯಿ ಕಟ್ಟೆಯ ಮೇಲೆ ಮೀನಾ ಕೂತಿದ್ದಳು, ಮಡಿಲಲ್ಲಿ ಕೈಚೀಲ. ಒಳಗೆ ಬರಬೇಡ ಎಂದು ನಾನೇ ಹೇಳಿದ್ದೆ.

ಇಪ್ಪತ್ತಮೂರು ದಿನಗಳ ಹಿಂದೆ ಅವಳ ಗಂಡ, ಬೂದಿಕೋಟೆ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ವಿಜಯಕುಮಾರ್, ಕಾಂತರಾಜಣ್ಣನ 'ದ್ವೀಪ ದರ್ಶನ' ತಂಡದ ಜೊತೆ ಅಂಡಮಾನಿನ ಕಡೆಯ ಒಂದು ಜನವಿಲ್ಲದ ನಡುಗಡ್ಡೆಗೆ ಹಕ್ಕಿ ನೋಡಲು ಹೋಗಿ ವಾಪಸಾಗಿರಲಿಲ್ಲ.

ನನ್ನನ್ನು ಹುಡುಕಿಕೊಂಡು ಬಂದವರು ಮೇಷ್ಟ್ರ ತಾಯಿ ಪಾಪಕ್ಕ. ಬಂಗಾರಪೇಟೆ ಸ್ಟೇಷನ್ನಿನ ಎದುರು, ಪಾನಿಪುರಿ ಅಂಗಡಿಯ ಮಹಡಿ ಹತ್ತಿ, ಏದುಸಿರು ಬಿಡುತ್ತ, 'ಶ್ಯಾಮಲಾ, ಖಾಸಗಿ ವಿಚಾರಣೆ' ಎಂಬ ನನ್ನ ಬೋರ್ಡಿನ ಕೆಳಗೆ ನಿಂತು ಅವರು ಕೇಳಿದ್ದು ಒಂದೇ. "ಬದುಕವ್ನೋ ಇಲ್ವೋ, ಅದೊಂದು ಯೋಳಮ್ಮ ಸಾಕು. ಯಾರು ಮಾಡಿದ್ರು, ಯಾಕ್ ಮಾಡಿದ್ರು, ನಂಗೇನೂ ಬೇಡ."

ಊರಿನ ಹಿರಿಯರು ಬರುವ ಶುಕ್ರವಾರಕ್ಕೆ ತಿಥಿ ಎಂದು ಗೊತ್ತುಮಾಡಿದ್ದರು. ಹೆಣವಿಲ್ಲ. ದರ್ಭೆಯಲ್ಲಿ ಗೊಂಬೆ ಕಟ್ಟಿ ಸುಡುತ್ತಾರಂತೆ. ಅವತ್ತೇ ಮೀನಾಳ ತಾಳಿ ತೆಗೆಸುತ್ತಾರೆ. ಪಾಪಕ್ಕ ಮಾತ್ರ ಒಪ್ಪಿರಲಿಲ್ಲ. ಶ್ಯಾಮಲಮ್ಮ ಬಂದು ಇಲ್ಲ ಅನ್ನೋವರೆಗೂ ನನ್ನ ಮಗನ ಹೆಸರಲ್ಲಿ ಬೆಂಕಿ ಹಚ್ಚೋಕೆ ಬಿಡಲ್ಲ ಎಂದು ಬಾಗಿಲಿಗೆ ಅಡ್ಡ ಕೂತಿದ್ದರು.

ಇವತ್ತು ಬುಧವಾರ.

"ಅಣ್ಣ," ಎಂದೆ. "ನಮ್ಮಪ್ಪ ಟೋಕನ್ ಕಿಟಕೀಲಿ ಕೂತಿದ್ದೋರು. ನಂಗೆ ಇದು ಗೊತ್ತಿಲ್ಲ ಅಂದ್ಕೊಂಡ್ಯಾ?"

ಅಪ್ಪನ ಹೆಸರು ಚಿಕ್ಕವೆಂಕಟಪ್ಪ. ಶಾಫ್ಟಿನ ಬಾಯಲ್ಲಿ ಒಂದು ಕಿಟಕಿ, ಕಿಟಕಿಯ ಒಳಗೆ ಗೋಡೆಯಗಲದ ಹಲಗೆ. ಗಣಿಗೆ ಇಳಿಯುವವನು ತನ್ನ ನಂಬರಿನ ಟೋಕನ್ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಮೇಲೆ ಬಂದಮೇಲೆ ವಾಪಸ್ ಕೊಡಬೇಕು. ಮೊಳೆ ಖಾಲಿಯಿದ್ದರೆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದರ್ಥ. ಆ ಒಂದು ಮೊಳೆ ತುಂಬುವವರೆಗೆ ಶಿಫ್ಟು ಮುಗಿಯುವುದಿಲ್ಲ.

ಕಾಂತರಾಜಣ್ಣ ಒಂಬತ್ತು ವರ್ಷ ಆ ಶಾಫ್ಟಿನಲ್ಲಿ ಇಳಿದು ಹತ್ತಿದವನು. ಗಣಿ ಮುಚ್ಚಿದ ಮೇಲೆ ಅದು ಇದು ಮಾಡಿ, ಕೊನೆಗೆ ಜನರನ್ನು ದ್ವೀಪಗಳಿಗೆ ಕರೆದುಕೊಂಡು ಹೋಗಿ ಹಕ್ಕಿ, ಏಡಿ, ಆಮೆ ತೋರಿಸುವ ಕೆಲಸ ಹಿಡಿದ. ಬಂಗಾರಪೇಟೆಯಲ್ಲಿ ರೈಲು ಹತ್ತಿಸುವುದು, ಚೆನ್ನೈನಲ್ಲಿ ಹಡಗು, ಅಲ್ಲಿಂದ ದೋಣಿ. ಅವನ ತಂಡಗಳಲ್ಲಿ ರಿಟೈರಾದ ಟೀಚರುಗಳು, ಅಂಚೆ ಇಲಾಖೆಯವರು, ಬೈನಾಕ್ಯುಲರ್ ಕೊಳ್ಳಲು ಒಂದು ವರ್ಷ ಕಾದಂಥ ವಿಜಯಕುಮಾರ್ ಮೇಷ್ಟ್ರುಗಳು. ಆ ನಡುಗಡ್ಡೆಯಲ್ಲಿ ಒಂದು ಗುಹೆ ಇದೆ. ಅಲ್ಲೊಂದು ಜಾತಿಯ ಪುಟ್ಟ ಹಕ್ಕಿ ತನ್ನ ಎಂಜಲಿನಿಂದಲೇ ಬಂಡೆಗೆ ಗೂಡು ಕಟ್ಟುತ್ತದೆ. ಗುಹೆ ಅಂದರೂ ಗಣಿಯೇ ಎಂದು ಕಾಂತರಾಜಣ್ಣ ಹಳೆಯ ಟೋಕನ್ ಪದ್ಧತಿಯನ್ನೇ ಅಲ್ಲಿಗೂ ಒಯ್ದ. ಹತ್ತು ಜನ, ಹತ್ತು ಟೋಕನ್. ಹಲಗೆ ತುಂಬಿದರೆ ದೋಣಿ ಬಿಡಬಹುದು.

ಅವತ್ತು ಹಲಗೆ ತುಂಬಿತ್ತು. ಎರಡು ದೋಣಿ ಹೊರಟವು. ಮೊದಲ ದೋಣಿಯವರು ಮೇಷ್ಟ್ರು ಎರಡನೆಯದರಲ್ಲಿದ್ದಾರೆ ಅಂದುಕೊಂಡರು. ಎರಡನೆಯ ದೋಣಿಯವರು ಮೊದಲನೆಯದರಲ್ಲಿದ್ದಾರೆ ಅಂದುಕೊಂಡರು. ಸಂಜೆ ಜೆಟ್ಟಿಯಲ್ಲಿ ಇಳಿದಾಗ ಒಂಬತ್ತು ಜನ.

"ಅವ್ರೇ ಬಂದು ಅವ್ರ ಕೈಯಾರೆ ಟೋಕನ್ ಹಾಕಿದ್ರು, ನಾನು ಕಣ್ಣಾರೆ ನೋಡ್ದೆ," ಎಂದು ಕಾಂತರಾಜಣ್ಣ ಅಲ್ಲಿನ ಪೊಲೀಸರಿಗೆ ಬರೆದುಕೊಟ್ಟ. ಹಾಗಾದರೆ ದೋಣಿ ಹತ್ತಿದ ಮೇಲೆ ಸಮುದ್ರಕ್ಕೆ ಬಿದ್ದಿರಬೇಕು. ಮೂರು ದಿನ ನೀರನ್ನು ಜಾಲಾಡಿದರು. ನಾಲ್ಕನೆಯ ದಿನ ಯಾರಿಗೋ ನಡುಗಡ್ಡೆಯ ನೆನಪಾಯಿತು. ಗುಹೆಯಲ್ಲಿ ಒಂದು ಚಪ್ಪಲಿ ಸಿಕ್ಕಿತು. ಒಂದೇ.

ಆ ಹೇಳಿಕೆಯನ್ನು ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಪಾಪಕ್ಕನ ಕೈ ಹಿಡಿದು, "ಕಾಂತಣ್ಣ ಸುಳ್ಳು ಹೇಳೋನಲ್ಲ ಅವ್ವ, ನನ್ನ ಮೇಲೆ ಬಿಡಿ," ಎಂದೆ. ಅಪ್ಪ ಸತ್ತ ದಿನ ಚಟ್ಟಕ್ಕೆ ಹೆಗಲು ಕೊಟ್ಟವನು ಇವನು. ನನ್ನ ತಮ್ಮ ಅಶ್ವಥನಿಗೆ ಆಗಿನ್ನೂ ಮೂರು ವರ್ಷ. ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನೂ ಇವನೇ.

"ನಂಗೆ ಹನ್ನೊಂದು ವರ್ಷ," ಎಂದೆ. "ಅಪ್ಪಂಗೆ ಬುತ್ತಿ ತಗೊಂಡು ಹೋಗಿದ್ದೆ. ಒಬ್ಬ ಮೇಲೆ ಬಂದ. ಮೈಯೆಲ್ಲ ಧೂಳು. ಬಾಯಿ ಬಿಡ್ಲಿಲ್ಲ. ಅಂಗೈ ಮುಂದೆ ಚಾಚಿದ, ಅಷ್ಟೆ. ಅಂಗೈಲಿ ಅವನ ಜೊತೆಗಾರನ ಟೋಕನ್. ಅಪ್ಪ ಎರಡು ಕೈಲೂ ತಗೊಂಡ್ರು, ಕಣ್ಣಿಗೊತ್ಕೊಂಡ್ರು, ನಂಬರ್ ಹಲಗೆ ಕಡೆ ಮಾಡಿ ಬೆನ್ನು ತಿರುಗಿಸಿ ಹಾಕಿದ್ರು. ಯಾಕಪ್ಪಾ ಅಂದೆ. ಇನ್ನು ಹುಡುಕೋದು ಬೇಡ ಅಂತ, ಅಂದ್ರು."

ಕಂಪನಿಯ ಯಾವ ಪುಸ್ತಕದಲ್ಲೂ ಇಲ್ಲದ ರೂಢಿ. ನಮ್ಮ ಲೈನಿನವರದ್ದು. ಟೋಕನ್ ತಂದವನನ್ನು ಯಾರೂ ಏನೂ ಕೇಳಬಾರದು. ಅವನು ತಂದದ್ದೇ ಸಾವಿನ ಸುದ್ದಿ.

"ಮೇಷ್ಟ್ರು ತಾವೇ ಟೋಕನ್ ಹಾಕಿದ್ರೆ ನಂಬರ್ ಮುಂದಿರ್ತಿತ್ತು," ಎಂದೆ. "ಆ ದೋಣಿಗಳಲ್ಲಿ ಇದು ಗೊತ್ತಿದ್ದ ಕೈ ಒಂದೇ. ನೀನು ಹಾಕಿದೀಯ. ಹಾಕುವಾಗ ಅವ್ರು ಸತ್ತಿದ್ದಾರೆ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ದೋಣಿ ಬಿಟ್ಟೆ. ಗೊತ್ತಿದ್ದೂ ಮೂರು ದಿನ ಸಮುದ್ರ ಹುಡುಕಿಸ್ದೆ."

ಪಕ್ಕದ ಮನೆಯಲ್ಲಿ ಯಾರೋ ಟಿವಿಯ ಸದ್ದು ತಗ್ಗಿಸಿದರು. ಲೈನ್ ಮನೆಗಳ ನಡುವಿನ ಗೋಡೆ ಸೂರಿನವರೆಗೆ ಮುಟ್ಟುವುದಿಲ್ಲ.

"ಮೆತ್ತಗೆ," ಎಂದ ಕಾಂತರಾಜಣ್ಣ.

"ಯಾಕೆ ಮೆತ್ತಗೆ? ಇಪ್ಪತ್ಮೂರು ದಿನ ನೀನು ಮೆತ್ತಗೆ ಇದ್ದಿದ್ದು ಸಾಕು. ಕೊಂದ್ಯಾ?"

"ಏನಂದೆ?"

"ಕೊಂದ್ಯಾ ಅಂದೆ. ಮೇಷ್ಟ್ರು ಗೂಡು ಎಣಿಸ್ತಿದ್ರು. ಮೂರು ವರ್ಷದ ಎಣಿಕೆ ಅವರ ನೋಟ್‌ಬುಕ್ಕಲ್ಲಿ ಐತೆ. ಮೊದಲ ವರ್ಷ ನಾನೂರ ಹನ್ನೆರಡು, ಆಮೇಲೆ ಇನ್ನೂರ ಅರವತ್ತು, ಈ ಸಲ ತೊಂಬತ್ತೇಳು. ಯಾರೋ ಕೀಳ್ತಿದಾರೆ, ಸೂಪ್ ಮಾಡೋಕೆ ಅಂತ ಲಕ್ಷಗಟ್ಟಲೆಗೆ ಹೊರದೇಶಕ್ಕೆ ಮಾರ್ತಿದಾರೆ. ಅಲ್ಲಿನ ಕಳ್ಳರು ಅಂತ ನೀನಂದೆ. ಅದನ್ನೂ ನಂಬಿದೆ."

ಅವನು ಎದ್ದ. ಹೊಡೆಯುತ್ತಾನೆ ಅನ್ನಿಸಿತು. ಹೊಡೆಯಲಿಲ್ಲ. ಗೋಡೆಯ ಗೂಡಿನಲ್ಲಿದ್ದ ನನ್ನ ಅಪ್ಪನ ಫೋಟೋ ತೆಗೆದ. ಕಿಟಕಿಯೊಳಗೆ ಕೂತ ಅಪ್ಪ, ಸುತ್ತ ಶಿಫ್ಟಿನ ಜನ, ಮೂಲೆಯಲ್ಲಿ ಮೀಸೆ ಮೂಡುತ್ತಿದ್ದ ಕಾಂತರಾಜಣ್ಣ. ಅದನ್ನು ಪಂಚೆಯಂಚಿನಿಂದ ಒರೆಸಿದ. ಧೂಳಿರಲಿಲ್ಲ, ಆದರೂ ಒರೆಸಿದ.

"ನಾನು ಹಾಕ್ದೆ ನಿಜ," ಎಂದ. "ಬೆನ್ನು ತಿರುಗ್ಸಿ ಹಾಕಿದ್ದು ನಾನೇ. ಬೇಕಂತ ಅಲ್ಲ. ಕೈ ತಾನಾಗೇ ತಿರುಗ್ತು. ನಾನು ಅದನ್ನ ಇವತ್ತೇ ನೋಡಿದ್ದು, ನಿನ್ನ ಫೋನಲ್ಲಿ." ಒರೆಸುವುದನ್ನು ನಿಲ್ಲಿಸಿದ. "ಕೊಂದಿಲ್ಲ ತಂಗಚ್ಚಿ. ನೋಡೂ ಇಲ್ಲ. ನನ್ನ ಕೈಗೆ ಟೋಕನ್ ಬಂತು, ಅಷ್ಟೆ."

"ಯಾರು ತಂದ್ರು?"

ಅವನು ನನ್ನ ಮುಖ ನೋಡಿದ. ಆ ನೋಟ ನನಗೆ ಗೊತ್ತು. ಅಪ್ಪ ಸತ್ತ ಸುದ್ದಿಯನ್ನು ಹೇಳಲು ಬಂದಾಗ, ಸ್ಕೂಲಿನ ಗೇಟಿನಲ್ಲಿ ನಿಂತು, ಇದೇ ರೀತಿ ನೋಡಿದ್ದ.

"ಬೇಡ ಬಿಡು," ಎಂದ. "ನಾನೇ ಅಂತ ಬರ್ಕೋ. ಓಗಿ ಪಾಪಕ್ಕಂಗೆ ಯೋಳು. ನಂಗೇನು, ಮಕ್ಳಾ ಮರೀನಾ."

"ಯಾರು ತಂದ್ರು ಅಣ್ಣ?"

"ಗುಹೆ ಬಾಯಲ್ಲಿ ಬೆಳಿಗ್ಗೆ ಇಬ್ರೂ ಕಿತ್ತಾಡ್ತಿದ್ರು. ಮೇಷ್ಟ್ರ ಕೈ ಹಿಡ್ದು ಎಳೀತಿದ್ದ. ನಾನು ದೂರದಿಂದ ನೋಡ್ದೆ. ಮಧ್ಯಾಹ್ನ ಒಬ್ಬನೇ ಬಂದ. ಮೊಣಕೈ ಕಿತ್ತೋಗಿತ್ತು. ಏನೂ ಅನ್ಲಿಲ್ಲ. ಅಂಗೈ ಚಾಚ್ದ. ಏಳನೇ ನಂಬರ್." ಫೋಟೋವನ್ನು ಎದೆಗೆ ಒತ್ತಿಕೊಂಡ. "ಸಮುದ್ರ ಉಕ್ಕಿ ಭರತ ಬಂದ್ರೆ ಗುಹೆ ನೀರಲ್ಲಿ ಮುಚ್ಚಿ ಓಗ್ತದೆ. ಒಂಬತ್ತು ಜನ ನನ್ನ ಕೈಲವ್ರೆ. ಒಂದ್ ಮಾತೂ ಆಡಬೇಡ, ದೋಣಿ ಹತ್ತು ಅಂದೆ ಅವನಿಗೆ. ಆಮೇಲೆ ನಿನ್ನ ಮುಖ ನೆನಪಾಯ್ತು. ನಿಮ್ಮಪ್ಪನ ಮುಖ ನೆನಪಾಯ್ತು. ಸುಳ್ಳು ಬರ್ಕೊಟ್ಟೆ."

ನನಗೆ ಅರ್ಥವಾಗಿತ್ತು. ಆದರೂ ಹೆಸರು ಅವನ ಬಾಯಿಂದಲೇ ಬರಲಿ ಎಂದು ಕಾದೆ. ಬರಲಿಲ್ಲ. ಅದರ ಬದಲು ಹೊರಗೆ ಬೈಕು ನಿಂತ ಸದ್ದು ಬಂತು.

ಅಶ್ವಥ್ ಒಳಗೆ ಬಂದ. ಕಾಂತರಾಜಣ್ಣನ ಜೊತೆ ಐದು ವರ್ಷದಿಂದ ಎರಡನೇ ಗೈಡು. ಮೂವತ್ತು ತುಂಬಿದೆ, ಮದುವೆಯಾಗು ಎಂದರೆ ಮುಂದಿನ ಟ್ರಿಪ್ಪು ಮುಗೀಲಿ ಅನ್ನುತ್ತಾನೆ. ಕೈಯಲ್ಲಿ ಮುಂದಿನ ತಂಡದ ರೈಲು ಟಿಕೆಟ್ಟುಗಳ ಕಟ್ಟು.

"ಏನ್ ಅಕ್ಕಾ, ಈ ಹೊತ್ನಲ್ಲಿ ಇಲ್ಲಿ? ಮೀನಕ್ಕ ಯಾಕೆ ಕೊಳಾಯಿ ಹತ್ರ..." ನನ್ನ ಮುಖ ನೋಡಿ ನಿಲ್ಲಿಸಿದ.

"ಏಳನೇ ಟೋಕನ್ ಅಣ್ಣನ ಕೈಗೆ ಕೊಟ್ಟಿದ್ದು ನೀನಾ?"

ಅವನು ಮೊದಲು ನನ್ನನ್ನು ನೋಡಲಿಲ್ಲ. ಕಾಂತರಾಜಣ್ಣನನ್ನು ನೋಡಿದ.

"ನನ್ ಹತ್ರ ಮಾತಾಡು," ಎಂದೆ.

"ಅಕ್ಕಾ, ಬಾ ಆಚೆ ಓಗಣ. ಯೋಳ್ತೀನಿ."

"ಇಲ್ಲೇ ಹೇಳು."

"ಆಚೆ ಬಾ ಅಂದೆ."

"ಯಾಕ್ಲಾ ಆಚೆ? ನಿನ್ನ ತಪ್ಪು ತನ್ನ ತಲೆ ಮೇಲೆ ಹೊತ್ಕೊಂಡು ಇಪ್ಪತ್ಮೂರು ದಿನದಿಂದ ಕೂತವ್ನೆ ಈ ಮನುಷ್ಯ. ಏನಿದ್ರೂ ಇವನ ಎದುರೇ ಹೇಳು."

"ಅಕ್ಕಾ. ನಿನ್ನ ಕಾಲಿಗ್ ಬೀಳ್ತೀನಿ. ಐದು ನಿಮಿಷ. ಆಚೆ."

ನಾನು ಹನ್ನೊಂದು ವರ್ಷ ಠಾಣೆಗಳಲ್ಲಿ ಇದ್ದವಳು. ಆಚೆ ಬನ್ನಿ, ಒಬ್ಬರಿಗೇ ಹೇಳುತ್ತೇನೆ ಎನ್ನುವವರನ್ನು ಎಷ್ಟು ಜನ ನೋಡಿಲ್ಲ. ಅವರಲ್ಲಿ ಒಬ್ಬನೂ ನನ್ನ ಕೈಯಿಂದ ಊಟ ತಿಂದು ಬೆಳೆದವನಾಗಿರಲಿಲ್ಲ. ನನ್ನವರೇ. ಇಬ್ಬರೂ. ಒಬ್ಬ ಕೊಂದು ಸುಮ್ಮನಿದ್ದ, ಒಬ್ಬ ಸುಮ್ಮನಿದ್ದು ನನ್ನ ಕೈಲೇ ಸುಳ್ಳು ಹೇಳಿಸಿದ. ಒಬ್ಬ ತಾಯಿ ಬಾಗಿಲಿಗೆ ಅಡ್ಡ ಕೂತು ನನ್ನ ಒಂದು ಮಾತಿಗೆ ಕಾಯುತ್ತಿದ್ದಳು.

ಫೋನು ತೆಗೆದೆ. ಪಾಪಕ್ಕನ ನಂಬರು ಒತ್ತಿ ಸ್ಪೀಕರಿಗೆ ಹಾಕಿದೆ.

"ಏನ್ ಮಾಡ್ತಿದೀಯ?" ಎಂದ ಅಶ್ವಥ್.

"ಕೊಟ್ಟ ಮಾತು ತೀರಿಸ್ತೀನಿ. ನಿಮ್ಮ ಮಗ ಇಲ್ಲ ಅವ್ವ, ಶುಕ್ರವಾರ ಬೆಂಕಿ ಹಚ್ಚಿ ಅಂತೀನಿ. ಕೊಂದೋನು ನನ್ನ ತಮ್ಮ ಅಂತೀನಿ."

ರಿಂಗಾಯಿತು. ಒಂದು. ಎರಡು. ಮೂರನೆಯದಕ್ಕೆ ಆ ಕಡೆ ಎತ್ತಿದರು. "ಶ್ಯಾಮಲಮ್ಮಾ? ಯೋಳಮ್ಮ. ಏನಾಯ್ತು?" ಆ ದನಿಯಲ್ಲಿ ಆಸೆ ಇತ್ತು. ಆಸೆ ಇದ್ದದ್ದೇ ಕಷ್ಟವಾಯಿತು.

"ಅವ್ವ..." ಎಂದೆ.

ಅಶ್ವಥ್ ಫೋನು ಕಿತ್ತುಕೊಂಡು ಕಟ್ ಮಾಡಿದ. ಟಿಕೆಟ್ಟುಗಳು ನೆಲದ ಮೇಲೆಲ್ಲ ಚೆಲ್ಲಿದವು.

"ಬದುಕವ್ರೆ!" ಎಂದ. ಕೂಗಲಿಲ್ಲ. ಹೊಟ್ಟೆಗೆ ಗುದ್ದು ತಿಂದವನ ಹಾಗೆ ಆ ಮಾತು ಹೊರಬಿತ್ತು. "ಮೇಷ್ಟ್ರು ಬದುಕವ್ರೆ ಅಕ್ಕಾ. ಆ ಮುದುಕಿಗೆ ಅಂಗ್ ಯೋಳ್ಬೇಡ."

ಪಕ್ಕದ ಮನೆಯ ಟಿವಿ ಪೂರ್ತಿ ನಿಂತಿತ್ತು.

"ಸತ್ರು ಅಂತ ನಾನ್ ಯಾವತ್ತು ಯೋಳ್ದೆ?" ಎಂದ. "ಅವ್ರೇ ಕೊಟ್ರು ಟೋಕನ್. ಇಲ್ಲೇ ಉಳ್ಕೊತೀನಿ, ಇದನ್ನ ಕಾಂತರಾಜ್ ಕೈಗೆ ಇಡು, ಬಾಯಿ ಬಿಡಬೇಡ, ಅವರು ಏನೂ ಕೇಳಲ್ಲ ಅಂದ್ರು. ಬೇಡ ಮೇಷ್ಟ್ರೇ ಅಂತ ಕೈ ಹಿಡ್ದು ಎಳ್ದೆ. ಬಿದ್ದು ಮೊಣಕೈ ಕಿತ್ಕೊಂಡೆ. ಅವ್ರು ಬರ್ಲಿಲ್ಲ. ನಾನು ತಂದು ಕೊಟ್ಟೆ. ನಿಜವಾಗ್ಲೂ ಅಣ್ಣ ಏನೂ ಕೇಳ್ಲಿಲ್ಲ."

"ಆ ರೂಢಿ ಬೂದಿಕೋಟೆ ಮೇಷ್ಟ್ರಿಗೆ ಹೇಗೆ ಗೊತ್ತು?"

"ಅಣ್ಣನೇ ಯೋಳ್ತಿದ್ದ. ಹಡಗಲ್ಲಿ ಮೂರು ದಿನ ಎಲ್ರಿಗೂ ಗಣಿ ಕತೆ ಯೋಳ್ತಾನಲ್ಲ. ನಾನು ಯಾವತ್ತೂ ಕಿವಿಗಾಕ್ಕೊಂಡಿಲ್ಲ. ಮೇಷ್ಟ್ರು ಮಾತ್ರ ಬರ್ಕೊಂಡಿದ್ರು."

ನಾನು ಮಂಚದ ಅಂಚಿನಲ್ಲಿ ಕೂತೆ. ಬದುಕಿದ್ದಾರೆ. ಬೇಕಾದದ್ದು ಅದೊಂದೇ ಮಾತು, ಅದು ಸಿಕ್ಕಿತ್ತು. ನನ್ನ ತಮ್ಮ ಕೊಲೆಗಾರನಲ್ಲ. ಕಾಂತರಾಜಣ್ಣ ಕೊಲೆಗಾರನಲ್ಲ. ತಾನು ಬೆಳೆದ ರೂಢಿಯನ್ನು ನಂಬಿ ಮೋಸಹೋದ ಒಬ್ಬ ಹಳೆಯ ಗಣಿಯವನು, ಅಷ್ಟೆ. ಅವನ ಕಡೆ ತಿರುಗಿದೆ. ನಗಬೇಕು ಅನ್ನಿಸಿತು, ಅವನೂ ನಗುತ್ತಾನೆ ಅನ್ನಿಸಿತು.

"ಎಲ್ಲವ್ನೆ?" ಎಂದ ಕಾಂತರಾಜಣ್ಣ.

ಅಶ್ವಥ್ ಬಗ್ಗಿ ಟಿಕೆಟ್ಟು ಆರಿಸತೊಡಗಿದ.

"ಕೇಳ್ತಿರೋದು ನಿನ್ನೇ ಕಣ್ಲಾ. ಎಲ್ಲವ್ನೆ ಮೇಷ್ಟ್ರು?"

"ಗೊತ್ತಿಲ್ಲ ಅಣ್ಣ. ಯಾವುದೋ ಮೀನಿನ ದೋಣೀಲಿ ಓದ್ರಂತೆ. ಅಷ್ಟೇ ಗೊತ್ತು."

"ಅಂತೆ ಅಂದ್ರೆ? 'ಅಂತೆ' ಅಂತ ಯಾರ್ ಯೋಳಿದ್ರು ನಿಂಗೆ?"

ಒಂದು ಟಿಕೆಟ್ಟು ಮಂಚದ ಕೆಳಗೆ ಹೋಗಿತ್ತು, ಅಶ್ವಥ್ ಅದನ್ನು ತುಂಬಾ ಹೊತ್ತು ಹುಡುಕಿದ.

ಕಾಂತರಾಜಣ್ಣ ದೊಡ್ಡದಾಗಿ ಉಸಿರು ಬಿಟ್ಟ. "ದೇವ್ರು ದೊಡ್ಡೋನು ತಂಗಚ್ಚಿ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟ. "ಓಗು, ಮೊದ್ಲು ಆ ಹುಡ್ಗಿಗೆ ಯೋಳು. ನಾನು ಎಲ್ರಿಗೂ ಇನ್ನೊಂದ್ ರೌಂಡ್ ಕಾಫಿ ಇಡ್ತೀನಿ." ಅಡುಗೆ ಮನೆಗೆ ಹೋದ.

ಅಶ್ವಥ್ ನನ್ನ ಮಣಿಕಟ್ಟು ಹಿಡಿದ. "ಆಚೆ ಬಾ ಅಂದೆ ತಾನೆ," ಎಂದ, ಅಳುವವನಂತೆ. ನಾನು ಬಿಡಿಸಿಕೊಂಡೆ. ಆ ಕ್ಷಣದಲ್ಲಿ ಯಾವ ದುಃಖವನ್ನೂ ಕೇಳಿಸಿಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ. ನನ್ನ ಹತ್ತಿರ ಒಳ್ಳೆಯ ಸುದ್ದಿ ಇತ್ತು.

ಬಿಸಿಲಿಗೆ ಓಡಿದೆ. ಮೀನಾ ಕೊಳಾಯಿ ಕಟ್ಟೆಯಿಂದ ಎದ್ದಳು. ಕೊಡ ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದ ಇಬ್ಬರು ಹೆಂಗಸರು ತಮಿಳಿನಲ್ಲಿ ಏನೋ ಅಂದು ದೂರ ಸರಿದರು. ಅವಳನ್ನು ಪಕ್ಕಕ್ಕೆ, ಕಾಂತರಾಜಣ್ಣನ ಅಡುಗೆ ಮನೆಯ ತಗಡಿನ ಗೋಡೆಯ ನೆರಳಿಗೆ ಕರೆದುಕೊಂಡೆ.

"ಮೀನಾ, ಅವ್ರು ಬದುಕಿದ್ದಾರೆ."

ಅವಳ ಮುಖದಲ್ಲಿ ಏನೂ ಆಗಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಹೇಳುತ್ತಿದ್ದಂತೆ ನನ್ನ ದನಿ ನನಗೇ ತಗ್ಗಿತು. ಇಪ್ಪತ್ತಮೂರು ದಿನಗಳಲ್ಲಿ ಪಾಪಕ್ಕ ನನಗೆ ನೂರು ಪ್ರಶ್ನೆ ಕೇಳಿದ್ದರು. ಈ ಹುಡುಗಿ ಅವರ ಹಿಂದೆ ನಿಂತಿರುತ್ತಿದ್ದಳು, ಕಾಫಿ ತರುತ್ತಿದ್ದಳು, ನನ್ನ ಚಪ್ಪಲಿ ನೆರಳಿಗಿಡುತ್ತಿದ್ದಳು. ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಈಗ ಕೇಳಿದಳು.

"ಒಳಗೆ ಇದನ್ನ ಯಾರ್ಯಾರು ಕೇಳಿಸ್ಕೊಂಡ್ರು ಅಕ್ಕಾ?"

"ನಿಂಗೆ ಗೊತ್ತಿತ್ತು," ಎಂದೆ.

"ಯಾರ್ಯಾರು?"

"ನಿಂಗೆ ಮೊದಲಿಂದ ಗೊತ್ತಿತ್ತು. ಅತ್ತೆ ಅನ್ನ ಬಿಟ್ಟಿದ್ದು ನೋಡ್ಕೊಂಡು ಸುಮ್ಮನಿದ್ದೆ. ನನ್ನ ಅಲೆಸಿದೆ. ಕಣ್ಣೆದುರಿಗೆ ನಿಂತು..."

"ನಾಲ್ಕನೇ ದಿನ ಅವರ ಫೋನ್ ಬಂತು. ನಾನೇ ಅಶ್ವಥಂಗೆ ತಿಳಿಸ್ದೆ, ಬಾಯಿ ಬಿಡಬೇಡಪ್ಪ ಅಂತ. ಅತ್ತೆಗೆ ಯೋಳಿಲ್ಲ. ಅತ್ತೆ ಬಾಯಲ್ಲಿ ಏನೂ ನಿಲ್ಲಲ್ಲ." ಅವಳ ದನಿ ನಡುಗುತ್ತಿರಲಿಲ್ಲ. ಕೈಚೀಲದ ಹಿಡಿಯನ್ನು ಮಾತ್ರ ಸುತ್ತಿ ಸುತ್ತಿ ಹಗ್ಗ ಮಾಡಿದ್ದಳು. "ಶುಕ್ರವಾರ ತಾಳಿ ತೆಗಿಸ್ಕೊಳ್ಳೋಕೂ ರೆಡಿ ಇದ್ದೆ ನಾನು. ಬದುಕಿರೋ ಗಂಡಂದು. ಗೊತ್ತಾ ನಿಮ್ಗೆ ಅದೇನು ಅಂತ?"

"ನನಗೆ ಒಂದು ಮಾತು ಹೇಳಬಹುದಿತ್ತು."

"ನಿಮ್ಮ ಬಾಯಿಂದ ಕಾಂತರಾಜಣ್ಣನ ಕಿವಿಗೆ ಎಷ್ಟು ದೂರ ಅಕ್ಕಾ?"

ನಾನು ಕಾಂತರಾಜಣ್ಣನ ಬಾಗಿಲ ಕಡೆ ನೋಡಿದೆ.

"ಗೂಡು ತುಂಬಿದ ಚೀಲ ನಮ್ಮೋರು ಕಣ್ಣಾರೆ ನೋಡಿದ್ರು," ಎಂದಳು. "ಅಲ್ಲಿನ ಕಳ್ಳರ ಹತ್ರ ಅಲ್ಲ. ನಿಮ್ಮಣ್ಣನ ಟೆಂಟಲ್ಲಿ. ನೋಡಿದ್ದನ್ನ ನಿಮ್ಮಣ್ಣನೂ ನೋಡ್ದ. ಅವತ್ತು ಆ ದೋಣಿ ಹತ್ತಿದ್ರೆ ನಡುನೀರಲ್ಲಿ ಏನಾಗ್ತಿತ್ತು ಅಂತ ನಮ್ಮೋರಿಗೆ ಗೊತ್ತಿತ್ತು. ಅದಕ್ಕೇ ಟೋಕನ್ ಕಳಿಸಿದ್ದು. ಹುಡುಕೋದು ಬೇಡ ಅಂತ ಒಬ್ಬರು ನಂಬಿದ್ರೆ ಸಾಕಿತ್ತು ಅಕ್ಕಾ, ಊರೆಲ್ಲ ಬೇಕಾಗಿರ್ಲಿಲ್ಲ. ನಿಮ್ಮಣ್ಣ ಒಬ್ಬ."

ಬದುಕವ್ನಾ ಎಂದು ಕಾಂತರಾಜಣ್ಣ ಕೇಳಿರಲಿಲ್ಲ. ಹೇಗವ್ನೆ ಎಂದೂ ಕೇಳಿರಲಿಲ್ಲ. ಎಲ್ಲವ್ನೆ ಅಂದಿದ್ದ. ಎರಡು ಸಲ.

"ಈಗ ಎಲ್ಲಿದ್ದಾರೆ ನಿನ್ನ ಗಂಡ?" ದನಿ ತಗ್ಗಿಸಿ ಕೇಳಿದೆ. "ಪೋರ್ಟ್ ಬ್ಲೇರಲ್ಲೇ ಇದ್ದಾರಾ?"

ಮೀನಾ ನನ್ನನ್ನು ನೋಡುತ್ತಿರಲಿಲ್ಲ. ತಗಡಿನ ಗೋಡೆಯನ್ನು ನೋಡುತ್ತಿದ್ದಳು. ಅದರಾಚೆ ಸ್ಟೌ ಹಚ್ಚಿದ ಸದ್ದಿರಲಿಲ್ಲ, ಪಾತ್ರೆಯ ಸದ್ದಿರಲಿಲ್ಲ. ಕಾಂತರಾಜಣ್ಣ ಫೋನಿನಲ್ಲಿ ಮಾತಾಡುತ್ತಿದ್ದ. ನಮ್ಮ ಯಾರ ಜೊತೆಗೂ ಆಡದ ಹಿಂದಿಯಲ್ಲಿ, ತನ್ನ ದೋಣಿಯವರ ಜೊತೆ ಮಾತ್ರ ಆಡುವ ಆ ಒಡಕು ಹಿಂದಿಯಲ್ಲಿ, ಸಮಾಧಾನವಾಗಿ, ಒಂದೊಂದೇ ಮಾತು ಬಿಡಿಸಿ.

"ಹಾಂ ಭಾಯ್," ಎನ್ನುತ್ತಿದ್ದ. "ಮಾಸ್ಟರ್ ಜಿಂದಾ ಹೈ."